ಇಂಜಿನ್ ದೊರೆಯ ಮೇಣದಬತ್ತಿ

೧೯೮೧ರ ಫೆಬ್ರುವರಿಯ ಹೊತ್ತಿಗೆ ಹ್ಯೂಬರ್ಟನ ಡಬ್ಬಿಯಲ್ಲಿ ನೂರ ಹದಿನಾರು ಕಾರ್ಡುಗಳಿದ್ದವು. ಮಂಗಳೂರಿನ ಸ್ಮಶಾನಗಳಲ್ಲಿ ಇಂಗ್ಲಿಷ್ ಹೆಸರು ಕೆತ್ತಿದ ಪ್ರತಿಯೊಂದು ಕಲ್ಲಿಗೂ ಒಂದು ಕಾರ್ಡು, ಅದೂ ಅಕಾರಾದಿಯಾಗಿ. ಕೊಡಿಯಾಲ್‌ಬೈಲಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಶ್ರದ್ಧೆಯಿಂದಲೇ ಆ ಬಿಎಸ್ಸಿ ಪದವೀಧರ ಆರು ಭಾನುವಾರ ದುಡಿದಿದ್ದ. ಬೇಕಾದ ಹೆಸರು ಮಾತ್ರ ಸಿಕ್ಕಿರಲಿಲ್ಲ.

ಬೇಕಾದವನು ಜೇಮ್ಸ್ ಆಶ್‌ವರ್ತ್. ಇಂಗ್ಲೆಂಡಿನ ಉತ್ತರದಲ್ಲಿರುವ ಬರ್ನ್ಲಿ ಎಂಬ ಹತ್ತಿ ಗಿರಣಿಗಳ ಊರಿನವನು. ೧೮೯೬ರಲ್ಲಿ, ಮೂರು ವರ್ಷದ ಮಗಳನ್ನು ಬಿಟ್ಟು, ಹಂಚಿನ ಕಾರ್ಖಾನೆಯೊಂದರ ಇಂಜಿನ್ ನೋಡಿಕೊಳ್ಳಲು ಇಲ್ಲಿಗೆ ಬಂದಿದ್ದ. ೧೯೧೧ರ ನಂತರ ಅವನಿಂದ ಕಾಗದವಿಲ್ಲ. ಆ ಮಗಳಿಗೀಗ ಎಂಬತ್ತೆಂಟು; ಅಪ್ಪನನ್ನು ಎಲ್ಲಿ ಮಣ್ಣು ಮಾಡಿದರೆಂದು ಕೇಳುತ್ತಲೇ ಹಾಸಿಗೆ ಹಿಡಿದಿದ್ದಳು. ಹ್ಯೂಬರ್ಟನ ಕಾಲೇಜಿಗೆ ಕಾಗದ ಬರೆದು ಅವನನ್ನು ಈ ಹುಡುಕಾಟಕ್ಕೆ ಹಚ್ಚಿ, ಈಗ ಉತ್ತರ ಒಯ್ಯಲು ಬಂದಿದ್ದ ಆಕೆಯ ಮಗಳು ಹೆಲನ್ ಮರುದಿನದ ರೈಲಿಗೆ ಹೊರಡಬೇಕಿತ್ತು.

ಕುಲಶೇಖರದ ಮನೆಯಲ್ಲಿ ಚಹಾ ಕೊಡುತ್ತಾ ಹ್ಯೂಬರ್ಟನ ಚಿಕ್ಕಮ್ಮ ಮಟಿಲ್ಡಾ ಡಬ್ಬಿಯನ್ನು ನೋಡಿದಳು. "ಎಂತ ಪುತಾ, ಸತ್ತವರಿಗೂ ನಂಬರ್ ಹಾಕಿದ್ದೀಯಾ?"

"ನಗಬೇಡಿ ಮಾವ್ಶಿ. ಒಂದು ಕಲ್ಲೂ ಬಿಟ್ಟಿಲ್ಲ."

ಹೆಲನ್ ನಿಟ್ಟುಸಿರಿಟ್ಟಳು. "ಅಮ್ಮನಿಗೆ ನೆನಪಿರುವುದು ಅಪ್ಪನ ಎಡಗೈ ಮಾತ್ರ. ಅದರಲ್ಲಿ ಮೂರೇ ಬೆರಳು. ಎರಡನ್ನು ಗಿರಣಿ ತಿಂದಿತ್ತು."

ಹ್ಯೂಬರ್ಟ್ ಅದನ್ನು ಕೊಂಕಣಿಯಲ್ಲಿ ಹೇಳಿದ್ದೇ ತಡ, ಚಿಕ್ಕಮ್ಮ ಕೆಟಲನ್ನು ಕೆಳಗಿಟ್ಟಳು.

"ಮೂರು ಬೆರಳಾ? ಅದು ನಮ್ಮ ಇಂಜಿನ್ ದೊರೆ ಮಾರಾಯ! ನನ್ನ ಅಜ್ಜ ಅವರ ಬಾಯ್ಲರಿಗೆ ಸೌದೆ ಹಾಕ್ತಿದ್ದದ್ದು. ಕಾಲರಾ ಬಂದಾಗ ಅಜ್ಜನ ಆರೈಕೆ ಮಾಡಿ ಅವರೇ ಹೋದ್ರಂತೆ. ದೊರೆ ಕಥೊಲಿಕರಲ್ಲ; ಆದ್ರೂ ಅಜ್ಜ ಪಾದ್ರಿಯವರನ್ನು ಕಾಡಿ ಬೇಡಿ, ಇಗರ್ಜಿಯ ಹಿಂದೆ ನಮ್ಮವರ ಪಕ್ಕದಲ್ಲೇ ಮಣ್ಣು ಮಾಡಿಸಿದ್ದು."

"ಅಲ್ಲಿ ಅವರ ಹೆಸರಿನ ಕಲ್ಲೇ ಇಲ್ಲವಲ್ಲ!"

"ಮೂಲೆಯಲ್ಲಿ ಹಂಚಿನ ಅಂಚು ಕಟ್ಟಿದ್ದುಂಟಲ್ಲ, ಅದೇ. ಸತ್ತವರ ಹಬ್ಬಕ್ಕೆ ವರ್ಷವೂ ಒಂದು ಬತ್ತಿ ಹೆಚ್ಚಿಗೆ ಯಾಕೆ ಅಂತ ನೀನು ಯಾವತ್ತಾದ್ರೂ ಕೇಳಿದ್ದುಂಟಾ?"

ಕೇಳಿರಲಿಲ್ಲ. ನವೆಂಬರ್ ಎರಡರಂದು ಮನೆಯವರ ಗೋರಿಗಳಿಗೆಲ್ಲ ಬತ್ತಿ ಹಚ್ಚಿದ ಮೇಲೆ ಉಳಿಯುತ್ತಿದ್ದ ಆ ಒಂದನ್ನು, ಏಳನೆಯ ವಯಸ್ಸಿನಿಂದ ಆ ಮೂಲೆಯಲ್ಲಿ ಹಚ್ಚುತ್ತಿದ್ದವನು ಅವನೇ.

ಮೂವರೂ ಆಗಲೇ ಇಗರ್ಜಿಗೆ ಹೊರಟರು. ಹಂಚಿನ ಅಂಚಿನ ಆ ಮೂಲೆಯಲ್ಲಿ ಮಟಿಲ್ಡಾ ಒಂದು ಮೇಣದಬತ್ತಿ ನೆಟ್ಟಳು.

"ಇದು ನವೆಂಬರ್ ಅಲ್ಲವಲ್ಲ ಮಾವ್ಶಿ," ಎಂದು ಹ್ಯೂಬರ್ಟ್ ಹಿಂಜರಿದ.

"ಮಣ್ಣಿನಡಿಯಲ್ಲಿ ಕ್ಯಾಲೆಂಡರ್ ಉಂಟಾ?" ಎನ್ನುತ್ತ ಮಟಿಲ್ಡಾ ಬೆಂಕಿಪೆಟ್ಟಿಗೆಯನ್ನು ಹೆಲನಳ ಕೈಗಿತ್ತಳು.

ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ಹ್ಯೂಬರ್ಟ್ ತನ್ನ ಕಾರ್ಡಿನ ಡಬ್ಬಿಯನ್ನೇ ಅಡ್ಡ ಹಿಡಿದ. ಬತ್ತಿ ಹತ್ತಿಕೊಂಡಿತು.

"ಇಲ್ಲಿ ಬತ್ತಿ ಹಚ್ಚುತ್ತಿದ್ದವರು ಯಾರು? ಅಮ್ಮ ಖಂಡಿತ ಕೇಳುತ್ತಾಳೆ," ಎಂದಳು ಹೆಲನ್.

ಹ್ಯೂಬರ್ಟ್ ಒಂದು ಕ್ಷಣ ಲೆಕ್ಕ ಹಾಕಿದ. "ಕಳೆದ ಹದಿನೇಳು ವರ್ಷ," ಎಂದ, "ನಾನು."