ಎಣ್ಣೆ ಮನೆಗೆ, ಹಿಂಡಿ ಹೊಲಕ್ಕೆ

ನಮ್ಮೂರಲ್ಲಿ ಯಾರಿಗೆ ಏನೇ ಆಗಲಿ, ಜೇಸಂಗ್ ಕಾಕಾ ಹೇಳುವ ಮದ್ದು ಒಂದೇ, ಹರಳೆಣ್ಣೆ. ಮೊಣಕಾಲು ನೋವೇ, ಬಿಸಿ ಮಾಡಿ ತಿಕ್ಕು. ಹಿಮ್ಮಡಿ ಒಡೆದಿದೆಯೇ, ಮಲಗುವಾಗ ಸವರು. ಹೊಟ್ಟೆ ಕಟ್ಟಿದೆಯೇ, ಬಿಸಿ ಚಹಾಕ್ಕೆ ಒಂದು ಚಮಚ ಹಾಕಿ ಮೂಗು ಮುಚ್ಚಿಕೊಂಡು ಕುಡಿ. ಗಾಡಿಯ ಚಕ್ರ ಕಿರುಗುಟ್ಟಿದರೂ ಅದೇ, ಬಾಗಿಲು ಅತ್ತರೂ ಅದೇ. ಒಮ್ಮೆ ನನ್ನ ಗಂಡ ತನ್ನ ಮೊಬೈಲು ಬಹಳ ನಿಧಾನವಾಗಿದೆ ಎಂದಾಗ ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವರನ್ನು ನೋಡಿ ನಕ್ಕು ಪ್ರಯೋಜನವಿಲ್ಲ. ಬನಾಸ್ ನದಿಯ ಈಚೆ ದಡದ ನಮ್ಮ ಮರಳು ಹೊಲಗಳಲ್ಲಿ ಹರಳು ಬೆಳೆದೇ ನಾವು ಮನೆಗೆ ಹೆಂಚು ಹೊದಿಸಿದ್ದು, ಮಕ್ಕಳ ಮದುವೆ ಮಾಡಿದ್ದು. ಪಾಟಣದ ಮಾರುಕಟ್ಟೆಯಲ್ಲಿ ವ್ಯಾಪಾರಿ ಒಂದು ಹಿಡಿ ಕಾಳು ಅಂಗೈಗೆ ತೆಗೆದುಕೊಂಡು, ಒಂದನ್ನು ಉಗುರಿನಿಂದ ಸುಲಿದು ನೋಡಿ ಬೆಲೆ ಕೂಗುತ್ತಾನೆ. ಅಲ್ಲಿಂದ ಅದು ಗಿರಣಿಗೆ, ಗಿರಣಿಯಿಂದ ಬಂದರಿಗೆ. ನಮ್ಮೂರಿನ ಎಣ್ಣೆ ಹಡಗು ಹತ್ತಿ ಯಾವುದೋ ದೇಶದ ಸಾಬೂನಿಗೆ, ಬಣ್ಣಕ್ಕೆ, ಯಂತ್ರಕ್ಕೆ ಸೇರುತ್ತದೆ. ಈ ಮಾತು ಬಂದಾಗಲೆಲ್ಲ ಕಾಕಾ ಮೀಸೆ ನೇವರಿಸಿಕೊಳ್ಳುತ್ತಾರೆ.

ನಾನು ಲಚ್ಛಿಬೆನ್. ಊರಿನ ಹಾಲಿನ ಮಂಡಳಿಯಲ್ಲಿ ಹೆಂಗಸರಿಗೆ ಎಮ್ಮೆ ದನಗಳ ಆರೈಕೆ ಹೇಳಿಕೊಡುವವಳು. ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈ ಕಥೆಯಲ್ಲಿ ತಪ್ಪು ಯಾರದು ಎಂದು ಕೇಳಿದರೆ ಅರ್ಧ ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಕಾನ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಇದೆ. ಹೆಸರು ನವಚಂದ್ರಿ. ಹಣೆ, ಕಾಲು, ಬಾಲದ ತುದಿ ಎಲ್ಲ ಸೇರಿ ಮೈಮೇಲೆ ಒಂಬತ್ತು ಬಿಳಿ ಮಚ್ಚೆ. ಹತ್ತೂರು ಹುಡುಕಿದರೂ ಅಂಥದ್ದು ಸಿಗುವುದಿಲ್ಲ. ಕಾಕಾನ ಸೊಸೆ ರಮೀಲಾ ಮದುವೆಯಾಗಿ ಬಂದಾಗ ಅವಳ ತವರಿನವರು ಕರುವಾಗಿದ್ದಾಗ ಕೊಟ್ಟದ್ದು. ಆ ಮನೆಯಲ್ಲಿ ರಮೀಲಾ ನನ್ನದು ಎಂದು ಕೈಯಿಟ್ಟು ಹೇಳಬಹುದಾದ ಜೀವ ಅದೊಂದೇ. ಆಗ ತುಂಬು ಗಬ್ಬ, ಈಯಲು ಇನ್ನು ಮೂರು ವಾರವಿತ್ತು.

ನಮ್ಮ ಕಡೆ ಮಾವನ ಮುಂದೆ ಸೊಸೆ ಮುಖದ ಮೇಲೆ ಸೆರಗು ಎಳೆದುಕೊಳ್ಳಬೇಕು, ನೇರವಾಗಿ ಮಾತಾಡಬಾರದು. ಇದಕ್ಕೆ ಲಾಜ್ ಎನ್ನುತ್ತೇವೆ. ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ, ಇಲ್ಲ ಗಂಡನ ಮೂಲಕ. ಆದರೆ ಆ ಚೈತ್ರದಲ್ಲಿ ಕಾಕಾನ ಹೆಂಡತಿ ಕಾಕಿ ಮಗಳ ಬಾಣಂತನಕ್ಕೆ ಹೋಗಿದ್ದರು. ರಮೀಲಾಳ ಗಂಡ ಹಾಲಿನ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಕಡಿಮೆ. ಹಾಗಾಗಿ ಮಾವ ಸೊಸೆ ಇಬ್ಬರೂ ಹೇಳುವುದನ್ನೆಲ್ಲ ನವಚಂದ್ರಿಗೆ ಹೇಳುತ್ತಿದ್ದರು.

"ನವಚಂದ್ರಿ, ರೊಟ್ಟಿ ಆಗಿದೆ ಕಣೇ, ಆರಿಹೋಗುತ್ತೆ," ಎಂದು ರಮೀಲಾ ಎಮ್ಮೆಗೆ ಹೇಳುವಳು.

"ಬಂದೆ ಅಂತ ಹೇಳು ನವಚಂದ್ರಿ. ಮಜ್ಜಿಗೆಗೆ ಉಪ್ಪು ಕಮ್ಮಿ ಹಾಕೋಕೆ ಹೇಳು," ಎಂದು ಕಾಕಾ ಎಮ್ಮೆಗೆ ಹೇಳುವರು.

ಎಮ್ಮೆ ಕಿವಿ ಆಡಿಸುತ್ತ ಇಬ್ಬರ ಮಾತನ್ನೂ ಕೇಳುತ್ತಿತ್ತು. ಗೋಡೆಯ ಈಚೆಯಿಂದ ನಾನೂ ಕೇಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ವಾರ ಮಂಡಳಿಯಲ್ಲಿ ನಮ್ಮ ಸಭೆಯಿತ್ತು. ನಾನು ಎದ್ದು ನಿಂತು, "ಗಬ್ಬದ ಎಮ್ಮೆಗೆ ಕೊನೇ ಎರಡು ತಿಂಗಳು ಬರೀ ಒಣಹುಲ್ಲು ಹಾಕಿ ಕೂರಬೇಡಿ, ಹಿಂಡಿ ಕೊಡಿ. ಕರುವೂ ಗಟ್ಟಿ, ಹಾಲೂ ಗಟ್ಟಿ," ಎಂದೆ. ಎಲ್ಲರೂ ತಲೆಯಾಡಿಸಿದರು. ಹಾಲಿನ ಬಾಕಿ ಹಣ ಕೇಳಲು ಬಂದು ಕಿಟಕಿಯ ಹೊರಗೆ ನಿಂತಿದ್ದ ಕಾಕಾ ಕೂಡ ತಲೆಯಾಡಿಸಿದರು. ಯಾವ ಹಿಂಡಿ ಎಂದು ನಾನು ಹೇಳಲಿಲ್ಲ. ಹಿಂಡಿ ಎಂದರೆ ಹತ್ತಿಕಾಳಿನ ಹಿಂಡಿ ಎಂದು ಯಾರಿಗೆ ಗೊತ್ತಿಲ್ಲ ಎಂದುಕೊಂಡೆ.

ಪ್ರತಿ ವರ್ಷ ಕಾಕಾ ಹರಳನ್ನು ಇಡಿಯಾಗಿ ಮಾರಿ, ಮನೆಗೆ ಬೇಕಾದ ಎಣ್ಣೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಈ ವರ್ಷ ನಮ್ಮದೇ ಕಾಳಿನ ಎಣ್ಣೆ ಬೇಕು ಎಂದು ಹಟ ಹಿಡಿದು ಎರಡು ಚೀಲ ಗಿರಣಿಗೆ ಕೊಂಡುಹೋದರು. ಬರುವಾಗ ಒಂದು ಡಬ್ಬ ಎಣ್ಣೆಯ ಜೊತೆ ಹಿಂಡಿಯ ಗೋಣಿಯೂ ಬಂತು. ದಾರಿಯಲ್ಲಿ ಗೋಣಿ ಹರಿದು ಅರ್ಧ ಹಿಂಡಿ ಗಾಡಿಯ ತುಂಬ ಚೆಲ್ಲಿತ್ತು. ಕಾಕಾ ಎಣ್ಣೆ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದರು. ಹಿಂಡಿಯನ್ನು ಬಳಿದು ತುಂಬುವ ಕೆಲಸ ರಮೀಲಾಳಿಗೆ ಬಿತ್ತು. ಕೈಗೆ ಸಿಕ್ಕಿದ್ದು ಮಂಡಳಿಯ ಪಶು ಆಹಾರದ ಖಾಲಿ ಚೀಲ. ಅದರ ಮೇಲೆ ದೊಡ್ಡದಾಗಿ ಎಮ್ಮೆಯ ಚಿತ್ರ. ಅದರಲ್ಲೇ ತುಂಬಿ, ಹೊಲಕ್ಕೆ ಹಾಕಲು ಇರಲಿ ಎಂದು ಕೊಟ್ಟಿಗೆಯ ಮೂಲೆಗೆ ನಿಲ್ಲಿಸಿದಳು. ಇದನ್ನು ಮಾವನಿಗೆ ಹೇಳಬೇಕು ಎಂದುಕೊಂಡಳು. ಎಮ್ಮೆಗೆ ಹೇಳೋಣವೆಂದರೆ ಆಗ ಮಾವ ಹತ್ತಿರ ಇರಲಿಲ್ಲ. ಆಮೇಲೆ ಮರೆತಳು.

ಎರಡು ದಿನ ಬಿಟ್ಟು ಗೋಧಿಗೆ ಎಣ್ಣೆ ಸವರುವ ಕೆಲಸ ಇಟ್ಟುಕೊಂಡೆವು. ವರ್ಷದ ಗೋಧಿಗೆ ಹರಳೆಣ್ಣೆ ಸವರಿ ಕಣಜಕ್ಕೆ ತುಂಬಿದರೆ ಹುಳು ಹತ್ತಿರ ಸುಳಿಯುವುದಿಲ್ಲ. ಕಾಕಾನ ಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಗೋಧಿ ಸುರಿದು ನಾನು ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಕೂತಿದ್ದೆ. ಗೋಧಿ ಬಿಸಿಲಿಗೆ ಹೊಳೆಯುತ್ತಿತ್ತು. ಆ ಕೆಲಸ ನನಗೆ ಬಹಳ ಇಷ್ಟ. ಕೈಗೂ ಮೆತ್ತಗೆ, ಹರಟೆಗೂ ಬಿಡುವು. ರಮೀಲಾ ಸಗಣಿ ಬಳಿಯಲು ಕೊಟ್ಟಿಗೆಗೆ ಹೋಗಿದ್ದಳು.

ಕಾಕಾ ಒಂದು ಬಾನಿ ಎತ್ತಿಕೊಂಡು ನನ್ನ ಮುಂದೆಯೇ ಹೋದರು. "ಲಚ್ಛಿ, ನಿನ್ನ ಮಾತು ಕೇಳಿದೀನಿ ನೋಡು. ಮಧ್ಯಾಹ್ನದಿಂದ ಹಿಂಡಿ ನೆನೆಹಾಕಿದ್ದೆ. ಮೆತ್ತಗಾಗಿದೆ."

"ಒಳ್ಳೇದು ಕಾಕಾ, ತಿನ್ನಲಿ," ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

ಕೊಟ್ಟಿಗೆಯಲ್ಲಿ ಸೆರಗು ಸರಕ್ಕನೆ ಎಳೆದುಕೊಂಡ ಸದ್ದು. ಹಿಂದೆಯೇ ರಮೀಲಾಳ ದನಿ. "ನವಚಂದ್ರಿ, ಅದನ್ನ ತಿನ್ಬೇಡ ಕಣೇ. ಅದು ನಿಂದಲ್ಲ."

"ಯಾಕೆ ನಿಂದಲ್ಲ? ನಿಂದೇ ನವಚಂದ್ರಿ. ಚೀಲದ ಮೇಲೆ ನಿನ್ನ ಫೋಟೋನೇ ಇದೆ," ಎಂದರು ಕಾಕಾ.

"ನವಚಂದ್ರಿ, ಚೀಲ ಮಾತ್ರ ನಿಂದು. ಒಳಗಿರೋದು ಹೊಲದ್ದು."

"ಹೊಲದ್ದೇ ಅಲ್ವೇನೇ ನವಚಂದ್ರಿ ನೀನು ತಿನ್ನೋದೆಲ್ಲಾ?"

ನನಗೆ ನಗು ಬಂತು. ಅಲ್ಲಿಂದಲೇ ಕೂಗಿದೆ. "ತಿನ್ನಲಿ ಬಿಡೇ ರಮೀಲಾ, ಗಬ್ಬದ ಎಮ್ಮೆ. ಹಿಂಡಿ ಒಳ್ಳೇದು."

ಎಮ್ಮೆ ಬಾನಿಗೆ ಬಾಯಿ ಹಾಕಿತು. ಆಗ ರಮೀಲಾ ಮಾವನಿಗೇ ಕೂಗಿ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಬಾಪಾ, ಹಾಕಬೇಡಿ. ಅದು ಹರಳಿನ ಹಿಂಡಿ. ವಿಷ."

ಹಿಂದೆಯೇ ಬಾನಿ ಉರುಳಿದ ಸದ್ದು. ನಾನು ಎಣ್ಣೆಗೈಯಲ್ಲೇ ಓಡಿದೆ. ರಮೀಲಾಳ ಸೆರಗು ಹೆಗಲ ಮೇಲಿತ್ತು, ಮುಖ ಬಯಲಾಗಿತ್ತು. ಅವಳು ಒದ್ದ ಬಾನಿ ಬೋರಲಾಗಿ ಬಿದ್ದಿತ್ತು. ಕಾಕಾ ಬೆಪ್ಪಾಗಿ ನಿಂತಿದ್ದರು. ಸೊಸೆ ಬಂದ ಆರು ವರ್ಷದಲ್ಲಿ ಅವಳ ಮುಖವನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ನವಚಂದ್ರಿಯ ಹೊಟ್ಟೆಗೆ ಒಂದೆರಡು ತುತ್ತು ಆಗಲೇ ಇಳಿದಿತ್ತು.

ಕಾಕಾನಿಗೆ ಮೊದಲು ಬಂದದ್ದು ಸಿಟ್ಟು. ಸೊಸೆ ಮುಖ ತೋರಿಸಿ ಮಾತಾಡಿದಳು, ಅದೂ ಪಕ್ಕದ ಮನೆಯವಳ ಎದುರಿಗೆ.

"ವಿಷವಂತೆ ವಿಷ," ಎಂದರು ನನ್ನ ಕಡೆ ತಿರುಗಿ. "ಅರವತ್ತೈದು ವರ್ಷದಿಂದ ಹರಳೆಣ್ಣೆ ಕುಡೀತಿದೀನಿ, ಸತ್ತಿದೀನಾ? ಎಣ್ಣೆ ಮದ್ದು ಅಂದ್ಮೇಲೆ ಅದರ ಹಿಂಡಿ ಹೆಂಗೆ ವಿಷ ಆಗುತ್ತೆ? ಒಂದೇ ಕಾಳು ಅಲ್ವಾ?"

"ಕಾಕಾ, ಕಾಳು ಒಂದೇ. ಆದ್ರೆ ಅದರಲ್ಲಿ ಎಣ್ಣೆನೂ ಇದೆ, ವಿಷನೂ ಇದೆ," ಎಂದೆ. "ಗಾಣಕ್ಕೆ ಹಾಕಿದ್ರೆ ಎಣ್ಣೆ ಈಚೆ ಬರುತ್ತೆ. ವಿಷ ಎಣ್ಣೆ ಜೊತೆ ಬರಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ನೆನೆಹಾಕಿದ್ರೂ ಹೋಗಲ್ಲ. ಹರಳಿನ ಎಲೆಗೆ ನಿಮ್ಮ ಎಮ್ಮೆ ಯಾವತ್ತಾದ್ರೂ ಬಾಯಿ ಹಾಕಿದೆಯಾ? ಹಿಂಡಿ ನೆನೆದು ಮೆತ್ತಗಾಗಿ, ನಿಮ್ಮ ಕೈಯಿಂದ ಬಂದಿದ್ದಕ್ಕೆ ಪಾಪ ನಂಬಿ ತಿಂತು."

"ನೀನೇ ಅಲ್ವಾ ಸಭೆಯಲ್ಲಿ ಹಿಂಡಿ ಕೊಡಿ ಅಂದಿದ್ದು?"

"ಅಂದೆ ಕಾಕಾ. ಯಾವ ಹಿಂಡಿ ಅಂತ ಹೇಳ್ಲಿಲ್ಲ. ತಪ್ಪು ನಂದು."

ನಾನು ಒಪ್ಪಿಕೊಂಡದ್ದೇ ಅವರಿಗೆ ಇನ್ನೂ ಕಷ್ಟವಾಯಿತು. ಜಗಳ ಆಡಲು ಯಾರೂ ಉಳಿಯಲಿಲ್ಲ. ಬಗ್ಗಿ ನೆಲದಿಂದ ಒಂದು ಉಂಡೆ ಹಿಂಡಿ ಎತ್ತಿಕೊಂಡರು. "ನಾನೇ ತಿಂದು ತೋರಿಸ್ತೀನಿ. ಏನಾಗುತ್ತೋ ನೋಡೇಬಿಡೋಣ."

ರಮೀಲಾ ಅವರ ಮಣಿಕಟ್ಟು ಹಿಡಿದುಕೊಂಡಳು. ನಮ್ಮ ಕಡೆ ಸೊಸೆ ಮಾವನನ್ನು ಮುಟ್ಟುವುದೆಂದರೆ ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ.

"ಬೇಡ ಬಾಪಾ," ಎಂದಳು. "ಅವಳೂ ಬೇಕು ನಂಗೆ, ನೀವೂ ಬೇಕು."

ಕಾಕಾನ ಕೈಯಲ್ಲಿದ್ದ ಹಿಂಡಿ ತಾನಾಗಿಯೇ ಕೆಳಗೆ ಬಿತ್ತು. ಆಮೇಲೆ ಮೆಲ್ಲಗೆ ಕೇಳಿದರು. "ಡಾಕ್ಟರಿಗೆ ಫೋನ್ ಮಾಡೋದು ಹೆಂಗೆ ಮಗಳೇ?" ಅದನ್ನು ಅವರು ಎಮ್ಮೆಗೆ ಕೇಳಲಿಲ್ಲ.

ಪಶುವೈದ್ಯರು ಒಂದು ಗಂಟೆಯೊಳಗೆ ಬಂದರು. ಎಷ್ಟು ತಿಂದಿದೆ, ಯಾವಾಗ ತಿಂದಿದೆ ಎಂದು ಕೇಳಿದರು. ರಮೀಲಾ ಲೆಕ್ಕ ತಪ್ಪದೆ ಹೇಳಿದಳು. ಚೀಲ ತೋರಿಸಿದಳು. ಅವರು ಸೂಜಿ ಚುಚ್ಚಿ, ಕುಡಿಸಲು ಔಷಧಿ ಕೊಟ್ಟು, "ಎರಡು ತುತ್ತಿಗೆ ನಿಂತಿದ್ದು ಅದೃಷ್ಟ. ಬಾನಿ ಖಾಲಿ ಆಗಿದ್ರೆ ನಾನು ಬಂದೂ ಮಾಡೋದೇನೂ ಇರ್ತಿರಲಿಲ್ಲ," ಎಂದರು. ಮರುದಿನ ನವಚಂದ್ರಿಗೆ ಭೇದಿಯಾಯಿತು. ಹುಲ್ಲು ಮೂಸಲಿಲ್ಲ. ಕಾಕಾ ಹೊಲಕ್ಕೆ ಹೋಗದೆ ಅದರ ಪಕ್ಕ ಕೂತೇ ಇದ್ದರು. ಅಂದು ಅವರು ಯಾರಿಗೂ ಹರಳೆಣ್ಣೆ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಕಾಕಾನ ದನಿ ಕೇಳಿಸಿತು. "ರಮೀಲಾ, ಬಾ ಬಾ, ಮೆಲುಕು ಹಾಕ್ತಿದಾಳೆ." ನಾನು ಈಚೆ ಕಡೆ ಕೂತು ಅತ್ತೆ. ಖುಷಿಗೇ ಅತ್ತೆ.

ಹದಿನೆಂಟು ದಿನಕ್ಕೆ ಹೆಣ್ಣುಗರು ಹುಟ್ಟಿತು. ಮಚ್ಚೆ ಏಳೇ ಇವೆ. ಅಷ್ಟು ಸಾಕು ಎಂದಳು ರಮೀಲಾ.

ಹರಳಿನ ಹಿಂಡಿಯನ್ನು ಕಾಕಾ ಎಸೆಯಲಿಲ್ಲ. ಅದು ಭೂಮಿಗೆ ಒಳ್ಳೆಯ ಗೊಬ್ಬರ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಚೆಲ್ಲಿ, ಮಣ್ಣಿನಲ್ಲಿ ಬೆರೆಸಿ, ಕೈ ತೊಳೆದುಕೊಂಡು ಬಂದರು. ಉಳಿದ ಅರ್ಧ ಚೀಲವನ್ನು ಕೊಟ್ಟಿಗೆಯಿಂದ ದೂರ, ಮಕ್ಕಳ ಕೈಗೂ ದನದ ಬಾಯಿಗೂ ಸಿಗದ ಹಾಗೆ ಅಟ್ಟದ ಮೇಲಿಟ್ಟರು. ಕಾಕಾನಿಗೆ ಓದು ಬರಹ ಬಾರದು. ಹರಳೆಣ್ಣೆಯ ದೀಪ ಹಚ್ಚಿ, ತಟ್ಟೆಯಲ್ಲಿ ಮಸಿ ಹಿಡಿದು, ನಮ್ಮಲ್ಲಿ ಕಾಡಿಗೆ ಮಾಡುವ ಹಾಗೆಯೇ ಎಣ್ಣೆಯಲ್ಲಿ ಕಲಸಿ, ಚೀಲದ ಮೇಲಿದ್ದ ಎಮ್ಮೆಯ ಚಿತ್ರಕ್ಕೆ ಅಡ್ಡಡ್ಡ ಎರಡು ಗೀಟು ಎಳೆದರು. ದೂರದಿಂದಲೇ ಕಾಣುತ್ತದೆ.

ಕಾಕಿ ವಾಪಸು ಬಂದ ದಿನ ಮಾವ ಸೊಸೆ ಎದುರೆದುರು ಮಾತಾಡುವುದನ್ನು ಕಂಡು ಕೆನ್ನೆ ಮೇಲೆ ಕೈಯಿಟ್ಟರು. "ಇದೇನು ಹೊಸದು? ಲಾಜ್ ಮರ್ಯಾದೆ ಏನೂ ಇಲ್ವಾ ಈ ಮನೇಲಿ?"

ಕಾಕಾ ಹೇಳಿದರು. "ಮರ್ಯಾದೆ ಕಾಯ್ತಾ ಕೂತಿದ್ರೆ ಎಮ್ಮೆ ಹೋಗ್ತಿತ್ತು ಕಣೇ. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಸಿದ್ದು ನಾವು."

ಕಾಕಿ ಸ್ವಲ್ಪ ಹೊತ್ತು ಗೊಣಗಿದರು. ಕರುವನ್ನು ನೋಡಿದ ಮೇಲೆ ಗೊಣಗಾಟ ನಿಂತಿತು.

ಅಕ್ಕಂದಿರೇ, ಅಣ್ಣಂದಿರೇ, ನಾನು ಈಗ ಪ್ರತಿ ಸಭೆಯಲ್ಲೂ ಎದ್ದು ನಿಂತು ಮೊದಲು ಇದನ್ನೇ ಹೇಳುತ್ತೇನೆ. ಎಣ್ಣೆ ಮನೆಗೆ, ಹಿಂಡಿ ಹೊಲಕ್ಕೆ. ಹರಳಿನ ಹಿಂಡಿ ಯಾವ ದನದ ಬಾಯಿಗೂ ಬೇಡ, ಒಂದು ಹಿಡಿಯೂ ಬೇಡ. ಅದನ್ನು ಪಶು ಆಹಾರದ ಚೀಲಕ್ಕೆ ತುಂಬಬೇಡಿ. ಹರಳು ಕಾಳು ಮಕ್ಕಳ ಆಟಕ್ಕೆ ಸಿಗದಿರಲಿ, ಅಗಿದರೆ ಅದೂ ವಿಷವೇ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಹರಳೆಣ್ಣೆಯನ್ನು ಧಾರಾಳವಾಗಿ ಗೋಧಿಗೆ ಸವರಿ, ಹಿಮ್ಮಡಿಗೆ ಹಚ್ಚಿ. ಎಳೆಮಕ್ಕಳಿಗೂ ಬಸುರಿಯರಿಗೂ ಮಾತ್ರ ಡಾಕ್ಟರನ್ನು ಕೇಳದೆ ಕುಡಿಸಬೇಡಿ.

ಓದಿ ಮುಗಿಸಿ ಈ ಕಾಗದ ಮಡಚಿದ ಕೂಡಲೇ ಎದ್ದು ಹೋಗಿ ನಿಮ್ಮ ಕೊಟ್ಟಿಗೆಯ ಮೂಲೆಯ ಚೀಲ ನೋಡಿ. ಒಳಗೇನಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಅದನ್ನು ತುಂಬಿದವಳಿಗೆ ಗೊತ್ತಿರುತ್ತದೆ. ಜೇಸಂಗ್ ಕಾಕಾ ಈಗ ದಿನವೂ ಬಾನಿ ಎತ್ತುವ ಮೊದಲು ಕೇಳುತ್ತಾರೆ. ಹಾಗೆಯೇ ನೀವೂ ಅವಳನ್ನು ನೇರವಾಗಿ ಕೇಳಿ. "ಮಗಳೇ, ಇದು ಯಾವ ಹಿಂಡಿ?"