ಪೆನುಕೊಂಡದ ಮೇಲ್

ಮಧುಗಿರಿಯಲ್ಲಿ ಕೋರ್ಟಿನ ಎದುರು ಸಾಲಿನಲ್ಲಿ ಚಿಕ್ಕರಾಜುವಿನ ಜೆರಾಕ್ಸ್ ಅಂಗಡಿ. ಅಫಿಡವಿಟ್ ಟೈಪ್ ಮಾಡುವುದು, ಪಹಣಿ ತೆಗೆದುಕೊಡುವುದು, ಅರ್ಜಿ ಹಾಕುವುದು ಅವನ ಕೆಲಸ. ಅಂಗಡಿ ಶುರುವಾದ ಕಾಲದಲ್ಲಿ ತುಮಕೂರಿನ ಒಂದು ಸಣ್ಣ ಕಂಪನಿಯವರು ಅಂಗಡಿಯ ಹೆಸರಿನಲ್ಲೇ ಇ-ಮೇಲ್ ವಿಳಾಸ ಮಾಡಿಕೊಟ್ಟಿದ್ದರು. ವ್ಯಾಪಾರಕ್ಕೆ ಅದರಿಂದ ಅಂಥ ಉಪಯೋಗವೇನೂ ಆಗಲಿಲ್ಲ. ಆದರೆ ಅಶ್ವತ್ಥ ಕಾಣೆಯಾದಾಗ ಅಂಟಿಸಿದ ಪೋಸ್ಟರಿನಲ್ಲಿ ಅದೇ ವಿಳಾಸ ಹಾಕಿದ್ದರು. ಅಂದಿನ ಫೋನು ಕಳೆದುಹೋಯಿತು, ನಂಬರೂ ಹೋಯಿತು. ಮೇಲ್ ವಿಳಾಸವೊಂದು ಉಳಿಯಿತು.

ಅಶ್ವತ್ಥ ಚಿಕ್ಕರಾಜುವಿನ ಹೆಂಡತಿ ಶಾಂತಕುಮಾರಿಯ ತಮ್ಮ. ಹೆತ್ತವಳು ಹೋದಾಗ ಕೈಗೂಸು. ಅಕ್ಕನೇ ಸಾಕಿದಳು. ಮದುವೆಯಾಗಿ ಬಂದಾಗ ಕೈಹಿಡಿದು ಜೊತೆಗೆ ಕರೆತಂದಳು. ಬೆಳೆದು ಮೀಸೆ ಬಂದರೂ ಅವನಿಗೆ ನಾಲ್ಕಾರು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಬಸ್ಸೆಂದರೆ ಪ್ರಾಣ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಕೊರಟಗೆರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದ. ಕಂಡಕ್ಟರುಗಳೆಲ್ಲ ಗುರುತಿನವರು, ಯಾರೂ ಟಿಕೆಟ್ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಾವಗಡದ ಬಸ್ಸು ಹತ್ತಿದ. ಕಂಡಕ್ಟರ್ ಹೊಸಬ. ಪಾವಗಡದಲ್ಲಿ ಎಲ್ಲರ ಜೊತೆ ಇಳಿದುಹೋದ ಎಂದಷ್ಟೇ ಅವನಿಗೆ ನೆನಪಿತ್ತು. ಅಲ್ಲಿಂದಾಚೆಗೆ ಆಂಧ್ರ.

ಪೊಲೀಸರಿಗೆ ದೂರು ಕೊಟ್ಟರು. ಕನ್ನಡದಲ್ಲಿ, ತೆಲುಗಿನಲ್ಲಿ ಪೋಸ್ಟರ್ ಹಾಕಿಸಿದರು. ಮೊದಮೊದಲು ಮೇಲ್ ಬಂದವು. ಹಿಂದೂಪುರದಲ್ಲಿ ನೋಡಿದೆವು, ಮಡಕಶಿರಾದಲ್ಲಿ ನೋಡಿದೆವು, ಕದಿರಿಯ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ. ಗಂಡ ಹೆಂಡತಿ ಅಂಗಡಿ ಮುಚ್ಚಿ ಎಲ್ಲ ಕಡೆಗೂ ಹೋದರು. ಎಲ್ಲ ಕಡೆಯೂ ಯಾರದೋ ಮನೆಯ ಇನ್ಯಾರೋ ಸಿಕ್ಕರು. ಚಿಕ್ಕರಾಜು ಒಂದೊಂದು ಊರಿಗೂ ಒಂದೊಂದು ಫೋಲ್ಡರ್ ಮಾಡಿ ಬಂದ ಮೇಲ್‌ಗಳನ್ನು ಜೋಡಿಸಿಟ್ಟ. ವರ್ಷ ಕಳೆದಂತೆ ಅವು ಕಡಿಮೆಯಾದವು. ಆಮೇಲೆ ನಿಂತೇಹೋದವು.

ಶಾಂತಕುಮಾರಿ ಮಾತ್ರ ದಿನಾ ಕೇಳುವುದನ್ನು ನಿಲ್ಲಿಸಲಿಲ್ಲ. ಮದುವೆಗೆ ಮೊದಲಿನಿಂದಲೂ ಅವಳು ಗಂಡನನ್ನು ಕರೆಯುತ್ತಿದ್ದುದು ಮಾವ ಎಂದು. "ಏನಾದ್ರೂ ಬಂತಾ ಮಾವ?" ಇಲ್ಲ ಎಂದರೆ ಒಳಗೆ ಹೋಗಿ ಮಲಗಿಬಿಡುವಳು. ಊಟ ಬಿಟ್ಟು ಬಿಟ್ಟು ಸೀರೆ ಸೊಂಟದಲ್ಲಿ ನಿಲ್ಲದಷ್ಟು ಬಡವಾದಳು. ಅಂಥ ಒಂದು ಸಂಜೆ ಚಿಕ್ಕರಾಜು, "ಪೆನುಕೊಂಡದಿಂದ ಒಂದು ಬಂದೈತೆ" ಎಂದುಬಿಟ್ಟ.

ಅವಳು ಎದ್ದು ಕೂತಳು.

"ಟೀ ಅಂಗಡಿಯವ್ನಂತೆ. ಬಸ್ಸಿನಾಗೆ ಮುಂದ್ಗಡೆ ಸೀಟಿನಾಗೆ ಕೂತಿದ್ನಂತೆ. ಯಾರೋ ಪುಣ್ಯಾತ್ಮರು ಹೊಸ ಷರಟು ಕೊಡ್ಸಿದ್ರಂತೆ, ನೀಲಿ ಗೀಟಿಂದು. ಇವ್ನು ಹೋಗಿ ಮಾತಾಡ್ಸೋ ಹೊತ್ಗೆ ಬಸ್ಸು ಹೊಂಟೋಯ್ತಂತೆ."

"ಉಂಡಿದ್ನಂತಾ?"

"ಇಡ್ಲಿ ತಿಂತಿದ್ನಂತೆ."

ಅವತ್ತು ಅವಳು ಮುದ್ದೆ ತಿರುವಿದಳು. ಇಬ್ಬರೂ ಕೂತು ಉಂಡರು. ಆಮೇಲೆ ಅವಳು ತೀರ ಕುಸಿದಾಗಲೆಲ್ಲ ಚಿಕ್ಕರಾಜು ಇನ್ನೊಂದು ಊರು ಹುಡುಕುತ್ತಿದ್ದ. ಧರ್ಮಾವರ, ಪುಟ್ಟಪರ್ತಿ, ಗುತ್ತಿ. ಹೊರಟು ಹೋಗಿ ಹುಡುಕುವಂಥ ಜಾಗ ಹೇಳದೆ, ಆಗಲೇ ಬಸ್ಸು ಹತ್ತಿ ಹೋದನಂತೆ ಎಂದೇ ಮುಗಿಸುತ್ತಿದ್ದ. ಮೇಲ್ ಬರುತ್ತಿದ್ದುದು ಅಂಗಡಿಯ ಆ ಒಂದೇ ಕಂಪ್ಯೂಟರಿಗೆ. ಅದನ್ನು ತೆರೆಯುತ್ತಿದ್ದವನೂ ಅವನೊಬ್ಬನೇ.

ಹೋದ ವರ್ಷ ತುಮಕೂರಿನ ಕಂಪನಿಯವರು ಸುದ್ದಿ ಕಳಿಸಿದರು. ಪಾಪ್ ಎನ್ನುವ ಹಳೆಯ ಪದ್ಧತಿ ನಿಲ್ಲಿಸುತ್ತೇವೆ, ಎಲ್ಲರೂ ಐಮ್ಯಾಪ್ ಎನ್ನುವ ಹೊಸ ಪದ್ಧತಿಗೆ ಬದಲಾಗಬೇಕು ಎಂದು. ಅಂಗಡಿಯ ಕಂಪ್ಯೂಟರೂ ಅಷ್ಟು ಹೊತ್ತಿಗೆ ಉಬ್ಬಸದವರ ಹಾಗೆ ಸದ್ದು ಮಾಡುತ್ತಿತ್ತು. ಸಿರಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಸುನಿಲ್‌ಕುಮಾರ್ ಹೊಸ ಕಂಪ್ಯೂಟರಿನ ಡಬ್ಬ ಹೊತ್ತು ತಂದ.

"ಇಷ್ಟು ದಿನ ಮೇಲ್ ಬಂದ್ರೆ ಈ ಡಬ್ಬದೊಳಕ್ಕೇ ಇಳ್ಕೊಳ್ತಿತ್ತು ಅಣ್ಣಾ. ಅಲ್ಲಿ ಕಂಪನೀಲಿ ಏನೂ ಉಳೀತಿರ್ಲಿಲ್ಲ. ಇದು ಸತ್ತೋದ್ರೆ ಎಲ್ಲಾ ಹೋದಂಗೆ. ಇನ್ಮೇಲೆ ಎಲ್ಲಾ ಅಲ್ಲೇ ಇರ್ತೈತೆ. ಎಲ್ಲಿಂದ ಬೇಕಾದ್ರೂ ನೋಡ್ಬೋದು" ಎಂದ. ಹಳೆಯ ಖಾತೆಯ ಪಕ್ಕದಲ್ಲೇ ಹೊಸ ಖಾತೆ ತೆರೆದು, ಅಲ್ಲೂ ಅದೇ ಊರುಗಳ ಹೆಸರಿನ ಫೋಲ್ಡರ್ ಮಾಡಿ, ಒಂದೊಂದರ ಮೇಲ್‌ಗಳನ್ನೂ ಅದಕ್ಕೆ ನಕಲು ಮಾಡುತ್ತ ಕೂತ. ಎಲ್ಲ ಬಂದಿದೆಯೇ ಎಂದು ಎರಡೂ ಕಡೆ ತಾಳೆ ನೋಡಿದ.

ಬುತ್ತಿ ತಂದು ಗಂಡನಿಗೆ ಬಡಿಸಿದ ಶಾಂತಕುಮಾರಿ ಪರದೆಯ ಮೇಲೆ ಹಿಂದೂಪುರ, ಕದಿರಿ ಎಂಬ ಹೆಸರು ಕಂಡು ಅಲ್ಲೇ ನಿಂತಳು.

"ನಿಮ್ಮ ಫೋನಿಗೂ ಹಾಕ್ಲಾ ಅಕ್ಕಾ? ಯಾವಾಗ ಬೇಕಾದ್ರೂ ನೋಡ್ಕೋಬೋದು" ಎಂದ ಸುನಿಲ್‌ಕುಮಾರ್.

"ನಂಗೆ ಆಯ್ತದಾ?"

"ಯಾಕಾಗಲ್ಲ? ಕೊಡಿ ಇಲ್ಲಿ."

ಬೇಡ ಎನ್ನಲು ಚಿಕ್ಕರಾಜುವಿಗೆ ಒಂದು ಕಾರಣವೂ ಹೊಳೆಯಲಿಲ್ಲ. ಕಲಸಿಟ್ಟ ಅನ್ನ ಹಾಗೇ ಬಿಟ್ಟು ಕೈ ತೊಳೆದ.

ಮಾರನೆಯ ದಿನ ಬೆಳಿಗ್ಗೆ ಅವಳು ಕೇಳಿದಳು. "ಮಾವ, ಪೆನುಕೊಂಡದ್ದು ಎಲ್ಲೈತೆ? ಎಲ್ಲಾ ತಗ್ದು ನೋಡ್ದೆ, ಕಾಣ್ಲೇ ಇಲ್ಲ. ಗುತ್ತಿದೂ ಇಲ್ಲ."

ಚಿಕ್ಕರಾಜು ಚಪ್ಪಲಿ ಮೆಟ್ಟುತ್ತ ತಲೆಯೆತ್ತದೆ ಹೇಳಿದ. "ಹಳೇದ್ರಿಂದ ಹೊಸದಕ್ಕೆ ಹಾಕೋವಾಗ ಹೋಗ್ಬುಟ್ಟೈತೇನೋ."

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದ. ಮಧ್ಯಾಹ್ನ ಅವನು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯ ಮೂಲೆಯಲ್ಲಿಟ್ಟಿದ್ದ ಹಳೆಯ ಡಬ್ಬ ಇರಲಿಲ್ಲ. ಶಾಂತಕುಮಾರಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸಿರಾ ಬಸ್ಸಿನಲ್ಲಿ ಕೂತಿದ್ದಳು.

ಸುನಿಲ್‌ಕುಮಾರ್ ಕೈಲಿದ್ದ ಕೆಲಸ ಬದಿಗಿಟ್ಟು ಡಬ್ಬಕ್ಕೆ ಕರೆಂಟು ಕೊಟ್ಟ. ಪೆನುಕೊಂಡ ಎಂದು ಕನ್ನಡದಲ್ಲಿ ಹುಡುಕಿದ, ತೆಲುಗಿನಲ್ಲಿ ಹುಡುಕಿದ, ಇಂಗ್ಲಿಷಿನಲ್ಲಿ ಹುಡುಕಿದ. ಅಳಿಸಿ ಹಾಕಿದ್ದನ್ನೂ ಕೆದಕಿ ತೆಗೆದ. ಅಲ್ಲಿದ್ದುದು ಬರೀ ಟೋನರ್ ಮಾರುವವರ ಜಾಹೀರಾತು.

"ಒಂದೂ ಕಳ್ದಿಲ್ಲ ಅಕ್ಕಾ. ಆ ಊರಿಂದ ಏನೂ ಬಂದೇ ಇಲ್ಲ."

"ಸರ್ಯಾಗಿ ನೋಡಪ್ಪ. ನೀಲಿ ಗೀಟಿನ ಷರಟು ಅಂತ ಬರ್ದಿತ್ತು."

ಅವನು ಮತ್ತೊಮ್ಮೆ ನೋಡಿದ. "ಕೊನೇದು ಕದಿರಿದು. ಎರಡು ಸಾವಿರದ ಹದಿನೆಂಟನೇ ಇಸ್ವಿ. ಆಮೇಲೆ ಯಾರೂ ಬರ್ದಿಲ್ಲ."

ಶಾಂತಕುಮಾರಿ ಡಬ್ಬ ಸುತ್ತಿದ್ದ ಸೀರೆ ಮಡಿಚಿಕೊಂಡಳು. ಅವನು ತರಿಸಿದ ಟೀ ಕುಡಿದಳು. "ಇದು ಇಲ್ಲೇ ಇರ್ಲಿ, ಹೊರೋಕಾಗಲ್ಲ" ಎಂದು ಡಬ್ಬ ಬಿಟ್ಟು ಎದ್ದಳು.

ಬಸ್ಸಿಳಿದವಳು ನೇರ ಅಂಗಡಿಗೆ ಬಂದಳು. ಯಾರೋ ಕಕ್ಷಿದಾರ ವಕಾಲತ್ತಿನ ಪ್ರತಿ ಮಾಡಿಸುತ್ತಿದ್ದ. ಅವನು ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದಳು.

"ಸುನಿಲ ಏನಂದ?"

"ಏನೂ ಹೋಗಿಲ್ವಂತೆ."

ಚಿಕ್ಕರಾಜು ಮೆಷಿನ್ನಿನ ಸ್ವಿಚ್ಚು ಆರಿಸಿದ.

"ಆ ಷರಟು, ಅದೂ ನೀನೇ ಕೊಡ್ಸಿದ್ದಾ ಮಾವ?"

"ನೀನು ಉಣ್ತಿರ್ಲಿಲ್ಲ ಕಣಮ್ಮಿ. ನಾನೇನು ಮಾಡ್ಲಿ? ಕಣ್ಮುಂದೆ ನೀನೂ ಹೋಯ್ತಾ ಇದ್ದೆ."

"ಅವ್ನು ಎಲ್ಲೋ ಉಂಡವ್ನೆ ಅಂತ ನಾನು ಉಣ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. "ನಿಜ ಹೇಳು. ನಿಂಗೆ ಅವ್ನು ಇದ್ದಾನೆ ಅನ್ನಿಸ್ತದಾ?"

ಇಷ್ಟು ವರ್ಷ ಎಷ್ಟೆಲ್ಲ ಕಟ್ಟಿ ಹೇಳಿದ ಬಾಯಿಗೆ ಆಗ ಒಂದು ಹೂಂ ಬರಲಿಲ್ಲ. ಅವಳು ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಆ ದಿನದಿಂದ ಏನಾದರೂ ಬಂತಾ ಎಂದು ಅವಳು ಕೇಳಲಿಲ್ಲ. ಅಡಿಗೆ ಮಾಡಿ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವನೇನಾದರೂ ಸಮಾಧಾನದ ಮಾತು ತೆಗೆದರೆ ಮುಖವನ್ನೇ ನೋಡುತ್ತಿದ್ದಳು, ಇದೂ ಕಟ್ಟಿದ್ದೇ ಇರಬೇಕು ಎನ್ನುವ ಹಾಗೆ. ಅವನು ಮಾತು ತೆಗೆಯುವುದನ್ನೇ ಬಿಟ್ಟ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕರಾಜು ಅಂಗಡಿಯಲ್ಲಿ ಮೇಲ್ ತೆರೆದು ಕೂತಿದ್ದ. ಎಡಗಡೆಯ ಸಾಲಿನಲ್ಲಿ ಮಡಕಶಿರಾ ಕಾಣಲಿಲ್ಲ. ನೆಟ್ ಸರಿಯಿಲ್ಲವೇನೋ ಎಂದುಕೊಂಡ. ನೋಡುತ್ತಿದ್ದ ಹಾಗೆಯೇ ಹಿಂದೂಪುರ ಹೋಯಿತು. ಆಗ ಅವನಿಗೆ ತಿಳಿಯಿತು. ಈಗ ಹೆಂಡತಿಯ ಫೋನಿನಲ್ಲಿ ಅಳಿಸಿದರೆ ಇಲ್ಲಿಯೂ ಇರುವುದಿಲ್ಲ. ಮನೆಯಲ್ಲಿ ಒಲೆಯ ಮುಂದೆಯೋ ಹಿತ್ತಿಲ ಕಲ್ಲಿನ ಮೇಲೆಯೋ ಕೂತು ಶಾಂತಕುಮಾರಿ ಒಂದೊಂದಾಗಿ ತೆಗೆಯುತ್ತಿದ್ದಾಳೆ.

ಫೋನು ಕೈಗೆತ್ತಿಕೊಂಡ. ಮತ್ತೆ ಕೆಳಗಿಟ್ಟ. ಸಿರಾದ ಡಬ್ಬದಲ್ಲಿ ಎಲ್ಲದರ ಪ್ರತಿಯಿತ್ತು. ಸುನಿಲ್‌ಕುಮಾರನಿಗೆ ಒಂದು ಮಾತು ಹೇಳಿದ್ದರೆ ಮತ್ತೆ ಹಾಕಿಕೊಡುತ್ತಿದ್ದ. ಚಿಕ್ಕರಾಜು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಕದಿರಿ ಮಾತ್ರ ಬಹಳ ಹೊತ್ತು ಉಳಿದಿತ್ತು. ಬಾಗಿಲಲ್ಲಿ ಯಾರೋ ಆಧಾರ್ ಕಾರ್ಡ್ ಹಿಡಿದು, "ಎರಡು ಕಾಪಿ ತಗ್ದುಕೊಡಿ" ಎಂದರು. ತೆಗೆದುಕೊಟ್ಟು ತಿರುಗಿ ನೋಡುವಷ್ಟರಲ್ಲಿ ಅದೂ ಹೋಗಿತ್ತು.