ಅತಿಲಿಯೊನ ಹೆಸರು ತೆಗೆದದ್ದು

ಶವಪೆಟ್ಟಿಗೆಯನ್ನು ಹೊತ್ತವರು ಇನ್ನೇನು ಒಳಗೆ ಕಾಲಿಡಬೇಕು, ಸ್ಮಶಾನದ ಕಾವಲುಗಾರ ಬಸೀಲಿಯೊ ಗೇಟಿಗೆ ಅಡ್ಡ ನಿಂತ.

"ಅನುಮತಿ ಬಂದಿಲ್ಲ. ಅದಿಲ್ದೆ ಮಣ್ಣು ಮಾಡೋ ಹಾಗಿಲ್ಲ. ಕತ್ತಲಾಗೋಕೆ ಮುಂಚೆ ನಾನು ಬೀಗ ಹಾಕ್ಬೇಕು."

"ಬೆಳಗ್ಗೇನೇ ಅರ್ಜಿ ಹಾಕಿದ್ವಲ್ಲ?" ಎಂದ ಸತ್ತ ಅತಿಲಿಯೊನ ತಮ್ಮ ಕ್ರಿಸ್ಪಿನ್.

"ಪುರಸಭೆ ಕಂಪ್ಯೂಟರ್‌ನಲ್ಲಿ ಎಲ್ಲಾ ನಿಂತೋಗಿದೆಯಂತೆ. ಯಾಕಂತ ಯಾರಿಗೂ ಗೊತ್ತಿಲ್ಲ."

"ಗೊತ್ತಿದ್ದವನು ಈ ಪೆಟ್ಟಿಗೇಲಿ ಮಲಗಿದ್ದಾನೆ."

ನಗಬೇಕೋ ಬೇಡವೋ ತಿಳಿಯದೆ ಜನ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಚಹಾದ ಲೋಟವನ್ನು ಕೈಯಿಂದ ಕೈಗೆ ದಾಟಿಸಿದರು. ಪರಗ್ವೇ ನದಿಯ ಕಡೆಯಿಂದ ಬರುತ್ತಿದ್ದ ಗಾಳಿಯೂ ಬಿಸಿಯಾಗಿತ್ತು. ಈ ಸೆಕೆಯಲ್ಲಿ ಹೆಣವನ್ನು ಮತ್ತೆ ಮನೆಗೆ ಒಯ್ಯುವುದು ಆಗದ ಮಾತು. ಹೂವಿನವಳು ಎರಡು ಕುರ್ಚಿ ಕೊಟ್ಟಳು, ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟರು. ಅತಿಲಿಯೊನ ಹೆಂಡತಿ ನಿಮಿಯಾ ಪಕ್ಕದಲ್ಲಿ ಕೂತಳು. ಗಂಡನ ಫೋನು ಅವಳ ಮಡಿಲಲ್ಲಿತ್ತು.

*

ಪುರಸಭೆಯ ಕಡತಗಳು ಮೇಜಿನಿಂದ ಮೇಜಿಗೆ ಹೋಗುವ ವ್ಯವಸ್ಥೆ ಅತಿಲಿಯೊನ ಸುಪರ್ದಿಯಲ್ಲಿತ್ತು. ಸಹಿ ಹಾಕಬೇಕಾದ ಅಧಿಕಾರಿ ರಜೆಯಲ್ಲಿದ್ದರೆ ಆ ಕಡತ, ಅದು ಯಾವ ಇಲಾಖೆಯದೇ ಇರಲಿ, ನೇರ ಅತಿಲಿಯೊನ ಫೋನಿಗೆ ಬರುತ್ತಿತ್ತು. ಅಧಿಕಾರಿಗಳಿಗೆ ರಜೆಗೇನು ಬರ. ಭಾನುವಾರದ ಊಟಕ್ಕೂ ಫೋನು ತಟ್ಟೆಯ ಪಕ್ಕದಲ್ಲೇ ಕೂರುತ್ತಿತ್ತು.

"ಅದ್ರಿಂದ ನಿನ್ನ ಒಂದು ಹೆಸರು ತೆಗ್ಯೋಕೆ ಎಷ್ಟು ವರ್ಷ ಬೇಕು ನಿಂಗೆ?" ಎಂದು ನಿಮಿಯಾ ಕೇಳುವಳು.

"ಇದು ಅಡುಗೆಮನೆ ಸ್ವಿಚ್ಚಲ್ಲ ಕಣೇ, ಇಡೀ ಊರಿಂದು. ಮೊದ್ಲು ಎಲ್ಲಾ ಕಡತ ತಡೀಬೇಕು. ಹಳೇದರ ನಕಲು ಇಟ್ಕೋಬೇಕು. ಬದಲಾಯಿಸಿ, ಒಂದೇ ಒಂದು ಕಡತ ಮುಂದಕ್ಕೆ ಬಿಟ್ಟು ನೋಡ್ಬೇಕು. ಎಡವಟ್ಟಾದ್ರೆ ಹಳೇದಕ್ಕೇ ವಾಪಸ್."

"ಆ ಕಂಪ್ಯೂಟರನ್ನೇ ಕಟ್ಕೋಬೇಕಿತ್ತು ನೀನು."

"ಈ ಬೇಸಿಗೇಲಿ ತೆಗೀತೀನಿ ಬಿಡು."

ಬೇಸಿಗೆಗಳು ಬಂದವು, ಹೋದವು. ನಿಮಿಯಾ ನಂಬುವುದನ್ನು ಬಿಟ್ಟಿದ್ದಳು. ನಿನ್ನೆ ಸಂಜೆ ಅವನು ಕಚೇರಿಯ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ.

*

ಅತಿಲಿಯೊನ ಜೊತೆ ಕೆಲಸ ಮಾಡುತ್ತಿದ್ದ ಗ್ರಿಸೆಲ್ದಾ ಸ್ಮಶಾನದ ಮೋಟುಗೋಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ನೋಡುತ್ತ ನೋಡುತ್ತ ಅವಳ ಮುಖ ಗೊಂದಲಗೊಂಡಿತು.

"ಕಡತ ಎಲ್ಲಾ ತಡೆದಿರೋದು ಇವರೇ, ನಿಮಿಯಕ್ಕ. ನಿನ್ನೆ ಸಂಜೆ ಏನೋ ಬದಲಾಯಿಸ್ತಿದ್ರು. ಅರ್ಧಕ್ಕೆ ನಿಂತಿದೆ."

"ಏನು ಬದಲಾಯಿಸ್ತಿದ್ದ?"

"ಸಹಿ ಹಾಕೋರು ಇಲ್ದಿದ್ರೆ ಯಾರಿಗೆ ಹೋಗ್ಬೇಕು ಅನ್ನೋದನ್ನ. ಅವರ ಹೆಸರು ತೆಗೆದು ನನ್ನದು ಹಾಕಿದಾರೆ. ನಾನು ಒಪ್ಪಿ ಎಷ್ಟೋ ದಿನ ಆಯ್ತು."

ನಿಮಿಯಾ ಪೆಟ್ಟಿಗೆಯ ಕಡೆ ನೋಡಿದಳು, ಅಲ್ಲಿಂದ ಉತ್ತರ ಬರಬೇಕಾಗಿತ್ತು ಎಂಬಂತೆ.

"ಅನುಮಾನ ಇದ್ರೆ ಹಳೇದಕ್ಕೇ ಹೋಗು ಅಂತಿದ್ರು," ಎಂದು ಗ್ರಿಸೆಲ್ದಾ ತಡವರಿಸಿದಳು. "ಆದ್ರೆ ಇದಕ್ಕೆ ಸಹಿ ಹಾಕೋ ಆರೋಗ್ಯಾಧಿಕಾರಿ ರಜೆ. ಹಳೇದಕ್ಕೆ ಹೋದ್ರೆ ಈ ಅನುಮತಿ ಇವರ ಫೋನಿಗೇ ಬರುತ್ತೆ. ಇವರ ಮಣ್ಣಿಗೆ ಇವರೇ ಸಹಿ ಹಾಕ್ಬೇಕು."

"ಹಾಕ್ತಾನೆ ಬಿಡಿ," ಎಂದ ಕ್ರಿಸ್ಪಿನ್. "ಆಫೀಸ್ ಕೆಲಸ ಅಂದ್ರೆ ಎದ್ದು ಬರೋನೇ ಅವನು." ಹಾಗೆಂದವನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

"ನಕಲು ಇಟ್ಟಿದಾನಾ ನೋಡು," ಎಂದಳು ನಿಮಿಯಾ.

"ಇಟ್ಟಿದಾರೆ."

"ಹಾಗಾದ್ರೆ ಹೊಸದೇ ಇರ್ಲಿ. ಒಂದೇ ಒಂದು ಕಡತ ಬಿಟ್ಟು ನೋಡ್ಬೇಕು ಅಂತಿದ್ದ. ಈ ಅನುಮತಿನೇ ಮುಂದಕ್ಕೆ ಬಿಡು."

ಗ್ರಿಸೆಲ್ದಾ ಬಿಟ್ಟಳು. ಎಲ್ಲರ ಕಣ್ಣೂ ನಿಮಿಯಾಳ ಮಡಿಲಿನ ಮೇಲೆ. ಅಲ್ಲಿ ಸದ್ದಾಗಲಿಲ್ಲ. ಗ್ರಿಸೆಲ್ದಾಳ ಜೇಬಿನಲ್ಲಿ ಆಯಿತು. ಅವಳು ಫೋನು ತೆಗೆದು, ಅನುಮತಿಯಲ್ಲಿದ್ದ ಅತಿಲಿಯೊನ ಹೆಸರನ್ನು ಓದಿ, ಒಪ್ಪಿಗೆ ಒತ್ತಿದಳು. ಬಸೀಲಿಯೊ ತನ್ನ ಫೋನು ನೋಡಿಕೊಂಡು ಗೇಟು ತೆರೆದ. ಹೊರುವವರು ಬಗ್ಗಿದರು.

"ಏಳಿ ಅತ್ತಿಗೆ," ಎಂದ ಕ್ರಿಸ್ಪಿನ್.

ನಿಮಿಯಾ ಏಳಲಿಲ್ಲ. ದನಿ ಏನಾದರೂ ಕಡಿಮೆಯಾಗಿದೆಯೇನೋ ಎಂದು, ಗಂಡನ ಫೋನಿನ ಪಕ್ಕದ ಗುಂಡಿಯನ್ನು ಒತ್ತುತ್ತಲೇ ಇದ್ದಳು.